ಆಲೂಗಡ್ಡೆ, ಆಗುಂಬೆ ಮತ್ತು ಹದಿಹರೆಯದ ಕೈಯಲ್ಲಿನ ಫೋನು

ಆಲೂಗಡ್ಡೆ ತಿನ್ನುವುದಕ್ಕೂ ಹದಿಹರೆಯದವರ ನೆಮ್ಮದಿಗೂ ಏನಾದರೂ ಸಂಬಂಧವಿದೆಯೇ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆ್ಯಮಿ ಆರ್ಬೆನ್ ಮತ್ತು ಆ್ಯಂಡ್ರ್ಯೂ ಶಿಬಿಲ್ಸ್ಕಿ ಎಂಬ ಸಂಶೋಧಕರು ಇದನ್ನು ನಿಜಕ್ಕೂ ಲೆಕ್ಕ ಹಾಕಿ ನೋಡಿದರು. ಅವರ ಕಣ್ಣಿದ್ದದ್ದು ಮೊಬೈಲಿನ ಮೇಲೆ. ಆಲೂಗಡ್ಡೆ ಬಂದದ್ದು ಹೋಲಿಕೆಗೆ. ಅಮೆರಿಕ ಮತ್ತು ಬ್ರಿಟನ್ನಿನ 3,55,358 ಹದಿಹರೆಯದವರು ಸಮೀಕ್ಷೆಗಳಲ್ಲಿ ಕೊಟ್ಟ ಉತ್ತರಗಳನ್ನು ಜಾಲಾಡಿ, 2019ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹಲವರಿಗೆ ರುಚಿಸಲಿಲ್ಲ. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಸಾಧನಗಳ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ನಂಟು ಬಹುತೇಕ ಅಷ್ಟೇ. ಕನ್ನಡಕ ಹಾಕಿಕೊಳ್ಳುವುದು ಇನ್ನೂ ಕೆಟ್ಟದ್ದಾಗಿ ಕಂಡಿತ್ತು.

ಒಬ್ಬ ಹುಡುಗನಿಗೂ ಇನ್ನೊಬ್ಬನಿಗೂ ಸಂತೋಷದಲ್ಲಿರುವ ವ್ಯತ್ಯಾಸವನ್ನೆಲ್ಲ ಒಂದು ರೂಪಾಯಿ ಎಂದುಕೊಳ್ಳಿ. ಮನೆಯ ಪರಿಸ್ಥಿತಿ, ನಿದ್ರೆ, ಗೆಳೆಯರು, ಶಾಲೆಯಲ್ಲಿ ಸಿಗುವ ಬೈಗುಳ, ಹುಟ್ಟಿನಿಂದ ಬಂದ ಸ್ವಭಾವ, ಎಲ್ಲವೂ ಆ ರೂಪಾಯಿಯಲ್ಲಿ ತಮ್ಮ ತಮ್ಮ ಪಾಲು ಪಡೆಯುತ್ತವೆ. ಫೋನಿನ ಪಾಲಿಗೆ ಬರುವುದು ಅರ್ಧ ಪೈಸೆಯೂ ಅಲ್ಲ.

ಇದನ್ನು ಓದಿ ನಿಟ್ಟುಸಿರು ಬಿಡುವ ಮೊದಲು ಎದುರು ಸಾಲಿನವರ ಮಾತನ್ನೂ ಕೇಳಬೇಕು. ಜೀನ್ ಟ್ವೆಂಗಿ, ಜೊನಾಥನ್ ಹೈಟ್ ಮುಂತಾದ ಅಮೆರಿಕದ ಮನಶ್ಶಾಸ್ತ್ರಜ್ಞರು ಬೇರೊಂದು ನಕ್ಷೆಯನ್ನು ಮುಂದಿಡುತ್ತಾರೆ. ಅವರ ದೇಶದಲ್ಲಿ 2012ರ ಆಸುಪಾಸಿನಿಂದ ಹದಿಹರೆಯದವರ, ಅದರಲ್ಲೂ ಹುಡುಗಿಯರ, ಖಿನ್ನತೆ ಮತ್ತು ಆತಂಕದ ಗೆರೆ ಮೇಲೇರತೊಡಗಿತು. ಸ್ಮಾರ್ಟ್‌ಫೋನು ಬಹುಪಾಲು ಜನರ ಕೈಸೇರಿದ್ದೂ ಅದೇ ಹೊತ್ತಿಗೆ. ಇದು ಕಾಕತಾಳೀಯವೇ ಎಂಬುದು ಅವರ ಪ್ರಶ್ನೆ. ಹೌದು, ಇರಬಹುದು ಎಂದು ಮೊದಲಿನವರು. ಹತ್ತು ವರ್ಷಗಳಿಂದ ಈ ಜಗಳ ಮುಗಿದಿಲ್ಲ. ನಮ್ಮ ಟಿ.ವಿ. ಚರ್ಚೆಗಳು ಒಂದು ದಿನ ಒಬ್ಬರ ಮಾತನ್ನು, ಮರುದಿನ ಇನ್ನೊಬ್ಬರ ಮಾತನ್ನು ಹಿಡಿದುಕೊಂಡು ತಂದೆತಾಯಂದಿರನ್ನು ಹೆದರಿಸುತ್ತವೆ ಅಥವಾ ಸಮಾಧಾನಪಡಿಸುತ್ತವೆ.

ನನಗೆ ಅನ್ನಿಸುವಂತೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೊಂದರೆ ಇರುವುದು ‘ಸರಾಸರಿ’ ಎಂಬ ಮಾತಿನಲ್ಲಿ.

ಕರ್ನಾಟಕದ ಮಳೆಯನ್ನೇ ತೆಗೆದುಕೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಚಳ್ಳಕೆರೆಯಲ್ಲಿ 500ರ ಆಸುಪಾಸು ಬಂದರೆ ಅದೇ ಒಳ್ಳೆಯ ವರ್ಷ. ರಾಜ್ಯದ ಸರಾಸರಿ ಇಷ್ಟು ಎಂದು ಒಂದು ಅಂಕಿ ಹೇಳಿದರೆ ಅದು ತಪ್ಪಲ್ಲ. ಆದರೆ ಆ ಅಂಕಿಯನ್ನು ನಂಬಿ ಆಗುಂಬೆಯಲ್ಲಿ ಮನೆ ಕಟ್ಟಲಾಗದು, ಚಳ್ಳಕೆರೆಯಲ್ಲಿ ಬಿತ್ತಲಾಗದು. ಮೂರೂವರೆ ಲಕ್ಷ ಮಕ್ಕಳನ್ನು ಒಟ್ಟು ಹಾಕಿ ತೆಗೆದ ಶೇ 0.4 ಕೂಡ ಇಂಥದೇ ಅಂಕಿ. ಮುಳುಗುತ್ತಿರುವವರೂ ಬಾಯಾರಿದವರೂ ಅದರೊಳಗೆ ಒಟ್ಟಿಗೇ ಇದ್ದಾರೆ.

ನೆದರ್ಲೆಂಡ್ಸ್‌ನ ಸಂಶೋಧಕರ ತಂಡವೊಂದು 2020ರಲ್ಲಿ ಈ ಗಂಟನ್ನು ಬಿಚ್ಚಲು ಒಂದು ಸರಳ ದಾರಿ ಹಿಡಿಯಿತು. ಸಾವಿರಾರು ಮಕ್ಕಳನ್ನು ಒಂದು ಸಲ ಕೇಳುವ ಬದಲು, ಕೇವಲ 63 ಹದಿಹರೆಯದವರನ್ನು ಒಂದು ವಾರ ದಿನಕ್ಕೆ ಹಲವು ಸಲ ಕೇಳಿತು: ಈಗಷ್ಟೇ ಸಾಮಾಜಿಕ ಜಾಲತಾಣ ನೋಡಿದೆಯಾ, ಈಗ ಹೇಗನ್ನಿಸುತ್ತಿದೆ? ಸುಮ್ಮನೆ ಬೇರೆಯವರ ಪೋಸ್ಟ್‌ಗಳನ್ನು ನೋಡುತ್ತಾ ಹೋದ ಮೇಲೆ ಶೇ 46ರಷ್ಟು ಮಕ್ಕಳಿಗೆ ಮನಸ್ಸು ಹಗುರಾಗಿತ್ತು. ಶೇ 44ರಷ್ಟು ಮಕ್ಕಳಿಗೆ ಏನೂ ಆಗಿರಲಿಲ್ಲ. ಶೇ 10ರಷ್ಟು ಮಕ್ಕಳಿಗೆ ಮನಸ್ಸು ಕೆಟ್ಟಿತ್ತು. ಅಧ್ಯಯನ ಚಿಕ್ಕದು, ಈ ಅಂಕಿಗಳನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಗಿಲ್ಲ. ಆದರೂ ಅರುವತ್ತು ಮಕ್ಕಳಿರುವ ಪಿಯುಸಿ ತರಗತಿಯೊಂದನ್ನು ಕಣ್ಣ ಮುಂದೆ ತಂದುಕೊಂಡರೆ, ಹತ್ತರಲ್ಲಿ ಒಂದು ಎಂದರೆ ಆರು ಮಕ್ಕಳು. ಉಳಿದ ಐವತ್ತನಾಲ್ಕು ಮಂದಿ ಸರಿಯಾಗಿದ್ದಾರೆ ಎಂಬುದರಿಂದ ಆ ಆರು ಮಕ್ಕಳ ಮನೆಯವರಿಗೆ ಏನೂ ಸಿಗುವುದಿಲ್ಲ.

ಹಾಗಾದರೆ ಫೋನಿನಿಂದಲೇ ಮನಸ್ಸು ಕೆಡುತ್ತದೆಯೋ, ಮನಸ್ಸು ಕೆಟ್ಟವರು ಫೋನಿಗೆ ಅಂಟಿಕೊಳ್ಳುತ್ತಾರೆಯೋ? ಬೀಜ ಮೊದಲೋ ಮರ ಮೊದಲೋ ಎಂಬ ಹಳೆಯ ಪ್ರಶ್ನೆಯೇ ಇದು. ಸಮೀಕ್ಷೆ ಎಷ್ಟು ದೊಡ್ಡದಾದರೂ ಇದಕ್ಕೆ ಉತ್ತರ ಕೊಡಲಾರದು. ಒಂಟಿಯಾದ ಹುಡುಗ ರಾತ್ರಿಯಿಡೀ ಫೋನು ನೋಡುತ್ತಿದ್ದರೆ ಸಮೀಕ್ಷೆಯ ಕಾಗದದಲ್ಲಿ ‘ಹೆಚ್ಚು ಬಳಕೆ, ಕಡಿಮೆ ಸಂತೋಷ’ ಎಂದಷ್ಟೇ ದಾಖಲಾಗುತ್ತದೆ. ಯಾವುದು ಯಾವುದನ್ನು ತಂದಿತು ಎಂಬುದು ಅಲ್ಲಿ ಕಾಣುವುದಿಲ್ಲ.

ಕಾರಣ ತಿಳಿಯಲು ಪ್ರಯೋಗ ಬೇಕು. ಅಂಥ ಒಂದು ಪ್ರಯೋಗವನ್ನು ಯಾರೂ ಉದ್ದೇಶಿಸದೆಯೇ ಮಾಡಿಬಿಟ್ಟಿದ್ದರು. 2004ರ ಫೆಬ್ರುವರಿಯಲ್ಲಿ ಹಾರ್ವರ್ಡ್‌ನಲ್ಲಿ ಹುಟ್ಟಿದ ಫೇಸ್‌ಬುಕ್ ಎಲ್ಲರಿಗೂ ಒಮ್ಮೆಲೇ ತೆರೆದುಕೊಳ್ಳಲಿಲ್ಲ. ಮೊದಲು ಹಾರ್ವರ್ಡ್, ಆಮೇಲೆ ಕೊಲಂಬಿಯಾ, ಸ್ಟ್ಯಾನ್‌ಫರ್ಡ್, ಯೇಲ್, ಹೀಗೆ ಕಾಲೇಜಿನಿಂದ ಕಾಲೇಜಿಗೆ ನಡೆದುಕೊಂಡು ಹೋಯಿತು. ಅದೇ ವರ್ಷಗಳಲ್ಲಿ ಆ ಕಾಲೇಜುಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಸಮೀಕ್ಷೆಯೂ ನಡೆಯುತ್ತಿತ್ತು. ಹಲವು ವರ್ಷಗಳ ಬಳಿಕ ಮೂವರು ಅರ್ಥಶಾಸ್ತ್ರಜ್ಞರಿಗೆ ಇವೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದಲ್ಲ ಎಂದು ಹೊಳೆಯಿತು. ಫೇಸ್‌ಬುಕ್ ಬಂದ ಕಾಲೇಜು, ಇನ್ನೂ ಬಾರದ ಕಾಲೇಜು. ಬರುವ ಮುಂಚೆ, ಬಂದ ಮೇಲೆ. ಒಟ್ಟು 775 ಕಾಲೇಜುಗಳ ಲೆಕ್ಕ. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಫೇಸ್‌ಬುಕ್ ಕಾಲಿಟ್ಟ ಮೇಲೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಸಿದಿತ್ತು. ಎಷ್ಟು? ಕೆಲಸ ಕಳೆದುಕೊಂಡವರ ಮನಸ್ಸಿಗೆ ಬೀಳುವ ಪೆಟ್ಟಿನ ಸುಮಾರು ಶೇ 22ರಷ್ಟು. ಅದು ಭಾರಿ ದುರಂತವಲ್ಲ, ಆಲೂಗಡ್ಡೆಯೂ ಅಲ್ಲ.

ಆಗಿನ ಫೇಸ್‌ಬುಕ್ ಹೇಗಿತ್ತು ಎಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಲೈಕ್ ಗುಂಡಿ ಇರಲಿಲ್ಲ, ಅದು ಬಂದದ್ದು 2009ರಲ್ಲಿ. ಐಫೋನು ಬಂದದ್ದು 2007ರಲ್ಲಿ. ಅದಕ್ಕೂ ಮುಂಚೆ ಕಂಪ್ಯೂಟರ್ ಮುಂದೆ ಕುಳಿತೇ ನೋಡಬೇಕಿತ್ತು. ರೀಲ್ಸ್ ಎಂಬುದನ್ನು ಯಾರೂ ಕನಸಿನಲ್ಲೂ ಕಂಡಿರಲಿಲ್ಲ. ಇದ್ದದ್ದು ಸಹಪಾಠಿಗಳ ಫೋಟೊ ಮತ್ತು ಪರಿಚಯದ ಪುಟ ಮಾತ್ರ. ಅಷ್ಟಕ್ಕೇ ಇಷ್ಟು ಪರಿಣಾಮ. ಹೆಚ್ಚು ನೊಂದವರು ಯಾರು ಎಂದು ನೋಡಿದಾಗ, ಕ್ಯಾಂಪಸ್ಸಿನ ಹೊರಗೆ ವಾಸವಿದ್ದವರು, ತೂಕ ಹೆಚ್ಚಿದ್ದವರು, ಅಂದರೆ ಬೇರೆಯವರ ಜೊತೆ ತಮ್ಮನ್ನು ಹೋಲಿಸಿಕೊಂಡರೆ ಸೋಲುವ ಸಂಭವ ಹೆಚ್ಚಿದ್ದವರೇ ಮುಂದೆ ಕಂಡರು.

ಉಲ್ಟಾ ಪ್ರಯೋಗವನ್ನೂ ಮಾಡಿದ್ದಾರೆ. 2018ರ ಅಮೆರಿಕದ ಮಧ್ಯಂತರ ಚುನಾವಣೆಗೆ ಮುಂಚೆ, ಹಣ ಕೊಟ್ಟು ಕೆಲವರಿಂದ ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು, ಮನಸ್ಸು ಸ್ವಲ್ಪ ಹಗುರಾಯಿತು, ಮನೆಯವರ ಜೊತೆ ಕಳೆಯುವ ಹೊತ್ತು ಹೆಚ್ಚಿತು. ಸುದ್ದಿಯ ತಿಳಿವಳಿಕೆ ಮಾತ್ರ ಕಡಿಮೆಯಾಯಿತು. ಇವರು ಹದಿಹರೆಯದವರಲ್ಲ, ದೊಡ್ಡವರು. ಮಕ್ಕಳಿಗೆ ಮಾತ್ರ ಬುದ್ಧಿ ಹೇಳುವ ನಮ್ಮಂಥವರು ಗಮನಿಸಬೇಕಾದ ವಿಷಯ ಇದು.

ಈಗ ‘ಹೋಲಿಕೆ’ಯ ಕಡೆ ಬರೋಣ. ಮನುಷ್ಯ ತಾನು ಎಷ್ಟರವನು ಎಂದು ತಿಳಿಯಲು ಪಕ್ಕದವರನ್ನು ನೋಡುತ್ತಾನೆ ಎಂದು 1954ರಲ್ಲೇ ಲಿಯೋನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ ಸಿದ್ಧಾಂತ ಮಾಡಿದ್ದ. ಅದು ನಮಗೆ ಸಿದ್ಧಾಂತವಾಗಿ ಬೇಕಿರಲಿಲ್ಲ. ಪಕ್ಕದ ಮನೆಯ ಹುಡುಗನ ಅಂಕ ನಮ್ಮ ಮನೆಯ ಊಟದ ತಟ್ಟೆಯ ಮುಂದೆ ಚರ್ಚೆಯಾಗದ ದಿನವಿತ್ತೇ? ಆದರೆ ಪಕ್ಕದ ಮನೆಯವನು ಒಬ್ಬನೇ. ಅವನ ತಂದೆ ಕುಡಿದು ಬಂದದ್ದೂ, ಅವನಿಗೆ ಮೊಡವೆ ಎದ್ದದ್ದೂ ನಮಗೆ ಗೊತ್ತಿರುತ್ತಿತ್ತು. ಅಂಕದ ಎತ್ತರವನ್ನು ಉಳಿದ ಸಂಗತಿಗಳು ಸಮ ಮಾಡುತ್ತಿದ್ದವು. ಫೋನಿನಲ್ಲಿ ಹಾಗಿಲ್ಲ. ಫಲಿತಾಂಶದ ದಿನ 625ಕ್ಕೆ 625 ತೆಗೆದವರು ಮಾತ್ರ ಒಬ್ಬರ ಹಿಂದೊಬ್ಬರು ಬರುತ್ತಾರೆ. ದಿನಕ್ಕೆ ಹದಿನಾಲ್ಕು ಗಂಟೆ ಓದುವ ಹುಡುಗಿ ತನ್ನ ಮೇಜು, ದೀಪ, ಬಣ್ಣಬಣ್ಣದ ಪೆನ್ನು ತೋರಿಸುತ್ತಾಳೆ. ನಮ್ಮಲ್ಲಿ ಹೋಲಿಕೆ ಎಂದ ತಕ್ಷಣ ಎಲ್ಲರೂ ಮೈಬಣ್ಣ, ಮೈಕಟ್ಟಿನ ಬಗ್ಗೆ ಮಾತನಾಡುತ್ತಾರೆ. ಓದುವ ವಿಡಿಯೊಗಳು ಮಕ್ಕಳ ಮೇಲೆ ಹೇರುವ ಭಾರದ ಬಗ್ಗೆ ಯಾರೂ ಮಾತನಾಡುವುದಿಲ್ಲ, ಏಕೆಂದರೆ ಅವನ್ನು ನೋಡಿದರೆ ಒಳ್ಳೆಯದು ಎಂದು ನಾವೇ ನಂಬಿದ್ದೇವೆ.

ಮೈಕಟ್ಟಿನ ಸಂಗತಿಯೂ ಸಣ್ಣದಲ್ಲ. ಜಾಲತಾಣಗಳಿಗಿಂತ ಹಳೆಯದೊಂದು ಉದಾಹರಣೆ ಹೇಳುತ್ತೇನೆ. ಫಿಜಿ ದ್ವೀಪದ ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಮೊದಲ ಬಾರಿಗೆ ಟಿ.ವಿ. ಬಂತು. ಅಲ್ಲಿನ ಸಂಸ್ಕೃತಿಯಲ್ಲಿ ಮೈತುಂಬಿಕೊಂಡಿರುವುದೇ ಚೆಲುವು. ಹಾರ್ವರ್ಡ್‌ನ ಆ್ಯನ್ ಬೆಕರ್ ಅಲ್ಲಿನ ಶಾಲಾ ಹುಡುಗಿಯರನ್ನು ಆಗೊಮ್ಮೆ, ಮೂರು ವರ್ಷಗಳ ನಂತರ ಇನ್ನೊಮ್ಮೆ ಮಾತನಾಡಿಸಿದರು. 1995ರಲ್ಲಿ ಸಣ್ಣಗಾಗಲೆಂದು ಬಲವಂತವಾಗಿ ವಾಂತಿ ಮಾಡಿಕೊಳ್ಳುವ ಹುಡುಗಿ ಒಬ್ಬಳೂ ಇರಲಿಲ್ಲ. 1998ರ ಹೊತ್ತಿಗೆ ಶೇ 11ರಷ್ಟು ಹುಡುಗಿಯರು ಹಾಗೆ ಮಾಡುತ್ತಿದ್ದರು. ಸಂಜೆ ಕೆಲವು ಗಂಟೆ ಎಲ್ಲರೂ ಒಟ್ಟಿಗೆ ಕುಳಿತು ನೋಡುವ ಟಿ.ವಿ. ಮಾಡಿದ ಕೆಲಸ ಇದು. ಅದರಲ್ಲಿ ಕಾಣುತ್ತಿದ್ದವರು ದೂರದ ನಟಿಯರು. ಇಂದಿನ ಪರದೆಯಲ್ಲಿ ತನ್ನದೇ ತರಗತಿಯ ಹುಡುಗಿ ಫಿಲ್ಟರ್ ಹಾಕಿಕೊಂಡು ನಿಂತಿರುತ್ತಾಳೆ, ಅವಳ ಕೆಳಗೆ ಲೈಕ್‌ಗಳ ಸಂಖ್ಯೆಯೂ ಬರೆದಿರುತ್ತದೆ.

ಇನ್‌ಸ್ಟಾಗ್ರಾಂನ ಒಡೆತನವಿರುವ ಫೇಸ್‌ಬುಕ್ ಕಂಪನಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಫ್ರಾನ್ಸಿಸ್ ಹೌಗನ್ ಎಂಬ ಮಾಜಿ ಉದ್ಯೋಗಿ 2021ರಲ್ಲಿ ಹೊರತಂದ ದಾಖಲೆಗಳಲ್ಲಿ, ಮೂವರು ಹದಿಹರೆಯದ ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಬೇಸರವನ್ನು ನಾವು ಹೆಚ್ಚಿಸುತ್ತಿದ್ದೇವೆ ಎಂದು ಕಂಪನಿಯ ಒಳಗಿನ ಸಂಶೋಧಕರೇ 2019ರಲ್ಲಿ ಬರೆದ ಸಾಲು ಇತ್ತು. ಅದೇ ಸಮೀಕ್ಷೆಯಲ್ಲಿ ಒಂಟಿತನದಂಥ ವಿಷಯಗಳಲ್ಲಿ ಸಹಾಯವಾಯಿತು ಎಂದವರೇ ಹೆಚ್ಚು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಆ ಮಾತೂ ಸುಳ್ಳಲ್ಲ. ಮತ್ತೆ ಆಗುಂಬೆ, ಚಳ್ಳಕೆರೆ.

ಯಾವ ವಿಡಿಯೊ ಯಾರ ಮುಂದೆ ಬರಬೇಕೆಂದು ತೀರ್ಮಾನಿಸುವ ಅಲ್ಗಾರಿದಮ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ನಮಗೆ ಇಷ್ಟವಾದದ್ದನ್ನು ತೋರಿಸುತ್ತದೆ ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ಇಷ್ಟ ಎಂದರೇನು ಎಂದು ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ಕಾಣುವುದು ನಾವು ಮಾಡಿದ್ದು: ಎಲ್ಲಿ ಬೆರಳು ನಿಂತಿತು, ಎಷ್ಟು ಸೆಕೆಂಡು ನಿಂತಿತು, ಮತ್ತೆ ನೋಡಿದೆವೋ, ಯಾರಿಗಾದರೂ ಕಳುಹಿಸಿದೆವೋ. ರಸ್ತೆಯಲ್ಲಿ ಅಪಘಾತವಾದರೆ ಬಸ್ಸಿನಲ್ಲಿರುವವರೆಲ್ಲ ಕಿಟಕಿಯ ಕಡೆ ವಾಲುತ್ತಾರೆ. ಯಾರಿಗೂ ಅಪಘಾತ ಇಷ್ಟವಲ್ಲ. ಅಲ್ಗಾರಿದಮ್ ಆ ಬಸ್ಸಿನ ಚಾಲಕನಾಗಿದ್ದರೆ, ಇವರಿಗೆ ಅಪಘಾತವೆಂದರೆ ಆಸಕ್ತಿ ಎಂದು ಲೆಕ್ಕ ಹಾಕಿ ಮುಂದಿನ ಅಪಘಾತದ ಕಡೆಗೇ ಬಸ್ಸು ತಿರುಗಿಸುತ್ತಿತ್ತು. ‘ಏಳು ದಿನದಲ್ಲಿ ಹೊಟ್ಟೆ ಕರಗಿಸಿ’ ಎಂಬ ವಿಡಿಯೊದ ಮುಂದೆ ಭಯದಿಂದ ನಾಲ್ಕು ಸೆಕೆಂಡು ನಿಂತ ಹುಡುಗಿಗೆ ಅಂಥವೇ ಹತ್ತು ವಿಡಿಯೊ ಬರುವುದು ಹೀಗೆ. ಬೇಸರದಲ್ಲಿರುವ ಹುಡುಗ ಬೇಸರದ ಸಾಲುಗಳನ್ನು ಓದುತ್ತಾ ನಿಂತರೆ ಅವನ ಪರದೆಯಲ್ಲಿ ಬೇಸರವೇ ತುಂಬಿಕೊಳ್ಳುತ್ತದೆ.

ಇನ್ನು ಡೋಪಮಿನ್. ಈಗ ಎಲ್ಲರ ಬಾಯಲ್ಲೂ ಇರುವ ಪದ. ಸಂತೋಷದ ರಾಸಾಯನಿಕ, ಲೈಕ್ ಬಂದಾಗ ಉಕ್ಕುತ್ತದೆ, ಮಕ್ಕಳು ಅದಕ್ಕೆ ದಾಸರಾಗುತ್ತಾರೆ ಎಂದು ವಾಟ್ಸ್‌ಆ್ಯಪ್‌ನಲ್ಲೇ ಓದಿರುತ್ತೇವೆ. ಅಷ್ಟು ಸರಳವಲ್ಲ. ವೋಲ್ಫ್ರಾಂ ಶುಲ್ಟ್ಸ್ ಎಂಬ ನರವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಡುತ್ತಾ ಅವುಗಳ ಮಿದುಳಿನ ಡೋಪಮಿನ್ ಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಸಿಕ್ಕಾಗ ಆ ಕೋಶಗಳು ಚುರುಕಾದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಮಂಗ ಕಲಿತ ಮೇಲೆ, ದೀಪ ಹೊತ್ತಿದಾಗಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿಯೂ ರಸ ಬಾರದಿದ್ದರೆ ಕುಗ್ಗಿದವು. ಡೋಪಮಿನ್ ಇಲ್ಲಿ ಲೆಕ್ಕ ಇಡುವ ಶಾನುಭೋಗನಂತೆ: ನಿರೀಕ್ಷಿಸಿದ್ದೆಷ್ಟು, ಬಂದದ್ದೆಷ್ಟು, ವ್ಯತ್ಯಾಸವೆಷ್ಟು ಎಂದು ಬರೆದುಕೊಳ್ಳುತ್ತದೆ. ಖಚಿತವಾಗಿ ಸಿಗುವುದರಲ್ಲಿ ಅದಕ್ಕೆ ಕೆಲಸವಿಲ್ಲ. ಸಿಗಬಹುದು, ಸಿಗದಿರಬಹುದು ಎನ್ನುವಲ್ಲೇ ಅದು ಎಚ್ಚರ.

ಗಾಳ ಹಾಕಿ ಹೊಳೆದಂಡೆಯಲ್ಲಿ ಕುಳಿತವನನ್ನು ಊಟಕ್ಕೆ ಎಬ್ಬಿಸಿ ನೋಡಿ, ಅಥವಾ ಇಸ್ಪೀಟಿನ ಮುಂದೆ ಕುಳಿತವನನ್ನು. ಇನ್ನೊಂದು ಸಲ, ಇನ್ನೊಂದೇ ಸಲ. ಪರದೆಯನ್ನು ಕೆಳಗೆಳೆದು ಬಿಟ್ಟಾಗ ಹೊಸದೇನು ಬರುತ್ತದೋ ಎಂಬ ಕುತೂಹಲವೂ ಅದೇ ಜಾತಿಯದು. ಅದಕ್ಕೆ ಎಷ್ಟು ಸರಿಸಿದರೂ ಮುಗಿಯದ ಪುಟವೂ ಸೇರಿತು. ಇದನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಪುಸ್ತಕಕ್ಕೆ ಅಧ್ಯಾಯ ಮುಗಿಯುತ್ತದೆ, ಧಾರಾವಾಹಿಗೆ ‘ಮುಂದುವರಿಯುವುದು’ ಎಂಬ ಫಲಕ ಬರುತ್ತದೆ, ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೂ ಬೆಳಗಿನ ಜಾವ ಮಂಗಳ ಹಾಡುತ್ತಾರೆ. ರೀಲ್ಸ್‌ಗೆ ಮಂಗಳವಿಲ್ಲ. ಎದ್ದು ಹೋಗುವ ತೀರ್ಮಾನವನ್ನು ಪ್ರತಿ ಸಲವೂ ನೋಡುವವರೇ ಮಾಡಬೇಕು. ಅಂಥ ತೀರ್ಮಾನ ಮಾಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಯಸ್ಸಿನಲ್ಲಿ.

ಇಷ್ಟೆಲ್ಲ ಹೇಳಿದರೂ, ಒಂದೇ ಕಾರಣವನ್ನು ಆರಿಸು ಎಂದರೆ ನಾನು ಆರಿಸುವುದು ತೀರಾ ಸಪ್ಪೆಯಾದದ್ದನ್ನು: ನಿದ್ರೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ರೆ ತರುವ ಮೆಲಟೋನಿನ್ ಹಾರ್ಮೋನು ತಡವಾಗಿ ಒಸರುತ್ತದೆ. ರಾತ್ರಿ ಹನ್ನೊಂದಕ್ಕೂ ಕಣ್ಣು ಬಿಟ್ಟುಕೊಂಡಿರುವ ಮಗ ಸೋಮಾರಿಯಲ್ಲ, ಅವನ ದೇಹಕ್ಕೆ ಇನ್ನೂ ರಾತ್ರಿಯಾಗಿರುವುದಿಲ್ಲ. ಆ ವಯಸ್ಸಿಗೆ ಬೇಕಾದ ನಿದ್ರೆ 8ರಿಂದ 10 ಗಂಟೆ. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಏಳೂವರೆಗೆ ಶಾಲೆಯ ಬಸ್ಸು. ನಡುವೆ ಉಳಿದ ಆರೇಳು ಗಂಟೆಯಲ್ಲಿ ಎರಡನ್ನು ಫೋನು ತಿಂದರೆ ಮರುದಿನದ ಸಿಡುಕು, ಮರೆವು, ಅಳು ಎಲ್ಲಕ್ಕೂ ಬೇರೆ ವಿವರಣೆ ಹುಡುಕಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಇರುವುದು ಒಂದೇ ಫೋನು, ಅದು ಅಪ್ಪನದು. ಅಪ್ಪ ಊಟ ಮಾಡಿ ಮಲಗಿದ ಮೇಲೆಯೇ ಅದು ಮಕ್ಕಳ ಕೈಗೆ ಬರುವುದು. ಹಗಲು ಕೊಡದೆ ರಾತ್ರಿ ಕೊಟ್ಟಂತಾಗುತ್ತದೆ.

ವಯಸ್ಸಿನ ಬಗ್ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಆಲೂಗಡ್ಡೆಯ ಲೆಕ್ಕ ಹಾಕಿದ ಅದೇ ಆರ್ಬೆನ್ 2022ರಲ್ಲಿ ಬ್ರಿಟನ್ನಿನ ಅಂಕಿಅಂಶಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರು. ಆಗ ಸರಾಸರಿಯೊಳಗೆ ಅಡಗಿದ್ದದ್ದು ಹೊರಬಿತ್ತು. ಜಾಲತಾಣಗಳ ಬಳಕೆ ಹೆಚ್ಚಿದರೆ ಒಂದು ವರ್ಷದ ನಂತರ ಬದುಕಿನ ಬಗೆಗಿನ ತೃಪ್ತಿ ಕಡಿಮೆಯಾಗುವುದು ಹುಡುಗಿಯರಲ್ಲಿ 11ರಿಂದ 13ನೇ ವಯಸ್ಸಿನಲ್ಲಿ, ಹುಡುಗರಲ್ಲಿ 14–15ರಲ್ಲಿ ಎದ್ದು ಕಾಣುತ್ತಿತ್ತು. ಮತ್ತೆ 19ರಲ್ಲಿ ಇಬ್ಬರಲ್ಲೂ. ನಮ್ಮ ಲೆಕ್ಕದಲ್ಲಿ ಹುಡುಗಿಯರಿಗೆ ಆರರಿಂದ ಎಂಟನೆಯ ತರಗತಿ, ಹುಡುಗರಿಗೆ ಒಂಬತ್ತು-ಹತ್ತು. ಮೈ ಬದಲಾಗುವ ಹೊತ್ತು ಅದು. ಹತ್ತೊಂಬತ್ತು ಎಂದರೆ ಹಾಸ್ಟೆಲ್ಲು, ಹೊಸ ಊರು, ಹಳೆಯ ಗೆಳೆಯರು ಚದುರಿಹೋದ ವರ್ಷ.

ನಮ್ಮ ದೇಶದ ಚಿತ್ರ ಇದಕ್ಕಿಂತ ಮಸುಕು, ಏಕೆಂದರೆ ಮೇಲಿನ ಬಹುಪಾಲು ಅಧ್ಯಯನಗಳು ಶ್ರೀಮಂತ ದೇಶಗಳವು. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತದೆ ಎನ್ನುತ್ತದೆ 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯ ವರದಿ. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಜಾಲತಾಣಕ್ಕೆ ಬಳಸಿದವರು ಶೇ 76. ಬಳಸಲು ಬಲ್ಲವರಲ್ಲಿ ಸ್ವಂತ ಫೋನು ಇರುವುದು ಹುಡುಗರಿಗೆ ಹೆಚ್ಚು, ಹುಡುಗಿಯರಿಗೆ ಕಡಿಮೆ. ಈ ಅಂತರದ ಹಿಂದೆ ಒಂದು ಅಪಾಯ ಅವಿತಿದೆ. ಅಪರಿಚಿತನೊಬ್ಬ ಅಸಹ್ಯ ಸಂದೇಶ ಕಳುಹಿಸಿದಾಗ, ಫೋಟೊ ತಿರುಚಿ ಹೆದರಿಸಿದಾಗ ಹುಡುಗಿ ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಮೊದಲು ಹೋಗುವುದು ಅವಳ ಫೋನು, ಆಮೇಲೆ ಕಾಲೇಜು. ಅವಳನ್ನು ಕಾಡಿದವನಿಗೆ ಇದು ಚೆನ್ನಾಗಿ ಗೊತ್ತು.

ನಿಷೇಧದಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಪಾಠವಿದೆ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ದೇಶದ ಭದ್ರತೆ, ಮಕ್ಕಳ ಮನಸ್ಸಲ್ಲ. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಅಂಗಡಿ ಮುಚ್ಚಿತು, ಅದೇ ಸರಕು ಪಕ್ಕದ ಅಂಗಡಿಯಲ್ಲಿ ಸಿಕ್ಕಿತು. ಆಸ್ಟ್ರೇಲಿಯಾ ಬೇರೆ ದಾರಿ ಹಿಡಿದು, 16 ವರ್ಷದೊಳಗಿನವರ ಖಾತೆಗಳನ್ನೇ 2025ರ ಡಿಸೆಂಬರ್ 10ರಿಂದ ತಡೆದಿದೆ. ತಪ್ಪಿದರೆ ದಂಡ ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ, ಮಗುವಿಗಲ್ಲ. ಕರ್ನಾಟಕ ಹೈಕೋರ್ಟ್‌ನಲ್ಲೂ 2023ರ ಸೆಪ್ಟೆಂಬರ್‌ನಲ್ಲಿ, ಮದ್ಯಕ್ಕೆ ಇರುವಂತೆ ಜಾಲತಾಣಕ್ಕೂ 21ರ ವಯೋಮಿತಿ ಇದ್ದರೆ ಒಳ್ಳೆಯದು ಎಂಬ ಮೌಖಿಕ ಮಾತು ನ್ಯಾಯಪೀಠದಿಂದ ಬಂದಿತ್ತು. ಅದೇ ವರ್ಷ ಬಂದ ನಮ್ಮ ದತ್ತಾಂಶ ರಕ್ಷಣಾ ಕಾಯ್ದೆ 18ರ ಕೆಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಅಪ್ಪ-ಅಮ್ಮನ ಖಾತೆ ತೆರೆದುಕೊಟ್ಟು ಪಾಸ್‌ವರ್ಡ್ ನೆನಪಿಟ್ಟುಕೊಂಡಿರುವವರೇ ಮಕ್ಕಳು ಎಂಬ ಮನೆಗಳಲ್ಲಿ ಒಪ್ಪಿಗೆ ಕೊಡುವವರು ಯಾರು ಎಂದು ಕೇಳಬಹುದು.

ಈ ಚರ್ಚೆಯಲ್ಲಿ ನನಗೆ ಹೆಚ್ಚು ಉಪಯುಕ್ತವೆನ್ನಿಸಿದ ಮಾತು ಬಂದದ್ದು ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅವರಿಂದ. ಅಮೆರಿಕದ ಸರ್ಜನ್ ಜನರಲ್, ಅಂದರೆ ಆರೋಗ್ಯದ ಬಗ್ಗೆ ದೇಶದ ಜನರಿಗೆ ಸಲಹೆ ಕೊಡುವ ಸರ್ಕಾರಿ ವೈದ್ಯ, ಆಗಿದ್ದಾಗ, 2023ರಲ್ಲಿ ಅವರು ಹೊರಡಿಸಿದ ಸಲಹಾಪತ್ರದ ತಿರುಳು ಇಷ್ಟು: ಜಾಲತಾಣಗಳು ಮಕ್ಕಳಿಗೆ ಸಾಕಷ್ಟು ಸುರಕ್ಷಿತ ಎಂದು ಹೇಳುವಷ್ಟು ಪುರಾವೆ ನಮ್ಮ ಬಳಿ ಇಲ್ಲ. ಹಾನಿಯಾಗುತ್ತದೆಂದು ನೀವು ಸಾಬೀತುಪಡಿಸಿ ಎಂದು ತಂದೆತಾಯಂದಿರಿಗೆ ಹೇಳುವ ಬದಲು, ಹಾನಿಯಿಲ್ಲವೆಂದು ಕಂಪನಿಗಳೇ ಸಾಬೀತುಪಡಿಸಲಿ ಎಂದು ಹೊರೆಯನ್ನು ಆಚೆ ಹೆಗಲಿಗೆ ದಾಟಿಸುವ ಮಾತು ಅದು. ಕೆಮ್ಮಿನ ಔಷಧಿಯನ್ನೂ ಮಗುವಿನ ಆಟಿಕೆಯನ್ನೂ ನಾವು ಕೇಳುವುದು ಅದೇ ನಿಯಮದಲ್ಲಿ.

ಕಾನೂನು ಬರುವವರೆಗೆ ಮನೆಯಲ್ಲಿ ಏನನ್ನು ನೋಡಬೇಕು? ಗಂಟೆಗಳನ್ನಲ್ಲ ಎನ್ನುತ್ತೇನೆ. ಎರಡು ಗಂಟೆ ಗೆಳತಿಯ ಜೊತೆ ವಿಡಿಯೊ ಕರೆಯಲ್ಲಿ ಲೆಕ್ಕ ಬಿಡಿಸುವುದೂ ಎರಡು ಗಂಟೆ ಒಬ್ಬಳೇ ಕತ್ತಲಲ್ಲಿ ಬೆರಳು ಸರಿಸುವುದೂ ಒಂದೇ ಅಲ್ಲ. ಊರಿನಲ್ಲಿ ತನ್ನಂಥವರು ಯಾರೂ ಇಲ್ಲದ ಮಗುವಿಗೆ, ಕಿವಿ ಕೇಳದ ಹುಡುಗನಿಗೆ, ಕವಿತೆ ಬರೆಯುವ ಹಳ್ಳಿಯ ಹುಡುಗಿಗೆ ಆ ಪರದೆಯೇ ಕಿಟಕಿಯಾಗಿರಬಹುದು. ನೋಡಬೇಕಾದದ್ದು ಬದಲಾವಣೆಯನ್ನು. ನಿದ್ರೆ ಕೆಟ್ಟಿದೆಯೇ, ಊಟ ಬಿಟ್ಟಿದ್ದಾಳೆಯೇ, ಮೊದಲು ಇಷ್ಟವಿದ್ದ ಆಟ ಈಗ ಬೇಡವಾಗಿದೆಯೇ, ಫೋನು ಕೊಡದಿದ್ದರೆ ಮನೆಯೇ ಕುರುಕ್ಷೇತ್ರವಾಗುತ್ತದೆಯೇ, ಎಷ್ಟು ಹೊತ್ತು ನೋಡಿದೆ ಎಂಬುದಕ್ಕೆ ಸುಳ್ಳು ಹೇಳುತ್ತಾನೆಯೇ. ಇವು ವಾರಗಟ್ಟಲೆ ಮುಂದುವರಿದರೆ ಬೈಗುಳದಿಂದ ಸರಿಹೋಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಬದುಕೇ ಬೇಡ ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ ತಮಾಷೆಗೂ ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಅದೇ ದಿನ ಕರೆ ಮಾಡಬೇಕು. ಆ ನೋವು ಫೋನಿಗಿಂತ ಮುಂಚಿನದೂ ಇರಬಹುದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅಗ್ಗದ ಇಂಟರ್ನೆಟ್ ಹಳ್ಳಿಗಳಿಗೆ ತಲುಪುವ ಮುಂಚಿನ ಲೆಕ್ಕ ಅದು.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗಿಸಿ ಟಿ.ವಿ., ಮೊಬೈಲು ಆರಿಸುವ ಪದ್ಧತಿ ಶುರುವಾಯಿತು. ಬೆಳಗಾವಿ ಬಳಿಯ ಹಲಗಾ ಗ್ರಾಮವೂ ಇಂಥದೇ ಸೈರನ್ ಕೂಗಿಸಿತು. ಇದರಿಂದ ಮಕ್ಕಳ ಮನಸ್ಸು ಎಷ್ಟು ಸುಧಾರಿಸಿತು ಎಂದು ಅಳೆಯುವುದು ಕಷ್ಟ. ಆದರೆ ಆ ಯೋಜನೆಯಲ್ಲಿ ಒಂದು ಜಾಣತನ ಇದೆ: ಸೈರನ್ ಕೂಗಿದಾಗ ಅಪ್ಪನ ಫೋನೂ ಆರಬೇಕು, ಅಜ್ಜಿಯ ಧಾರಾವಾಹಿಯೂ ನಿಲ್ಲಬೇಕು.

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನ ಅಕ್ಕನ ಮಗಳ ಜೊತೆ ಒಂದು ಸಂಜೆ ಫೋನು ಅದಲು ಬದಲು ಮಾಡಿಕೊಂಡೆ. ಅವಳಿಗೆ ಹದಿನೈದು. ಹತ್ತು ನಿಮಿಷ ನಾನು ಅವಳದನ್ನು ನೋಡಬೇಕು, ಅವಳು ನನ್ನದನ್ನು. ನನ್ನ ಪರದೆಯಲ್ಲಿ ಚಿನ್ನದ ದರ, ರಾಜಕಾರಣಿಗಳ ಜಗಳ, ಮತ್ತು ಸಾಲುಸಾಲಾಗಿ ಮಂಡಿನೋವಿನ ಮನೆಮದ್ದು. ಅವಳು ನಗುತ್ತಾ, ‘ಚಿಕ್ಕಮ್ಮ, ನಿಮಗೆ ಮಂಡಿ ಅಷ್ಟು ನೋಯುತ್ತದೆಯೇ?’ ಎಂದು ಕೇಳಿದಳು. ನನ್ನ ಮಂಡಿ ಗಟ್ಟಿಯಾಗಿದೆ. ಅಮ್ಮನಿಗೆ ನೋವು ಬಂದಾಗ ಒಂದೇ ಒಂದು ವಿಡಿಯೊವನ್ನು ಕೊನೆಯವರೆಗೆ ನೋಡಿದ್ದೆ, ಅಷ್ಟೇ. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕೈಯಲ್ಲಿದ್ದ ತನ್ನ ಫೋನಿನ ಕಡೆ ಬಗ್ಗಿ, ಪರದೆಯ ಮೇಲಿದ್ದ ಸಣ್ಣಗಾಗುವ ವಿಡಿಯೊ ತೋರಿಸಿ, ‘ಇದನ್ನೂ ನಾನು ಒಂದೇ ಸಲ ನಿಂತು ನೋಡಿದ್ದು. ಕ್ಲಾಸಿನಲ್ಲಿ ಒಬ್ಬಳು ಏನೋ ಅಂದಿದ್ದಳು, ಅದಕ್ಕೆ’ ಎಂದಳು.

ಏನಂದಿದ್ದಳು ಎಂದು ಕೇಳಿದೆ. ಆ ಮಾತು ಮುಗಿಯುವ ಹೊತ್ತಿಗೆ ಒಳಗೆ ಕುಕ್ಕರ್ ಐದು ಸಲ ಕೂಗಿತ್ತು, ಬೇಳೆ ತಳ ಹಿಡಿದಿತ್ತು.